ಗಾರೆಯ ಗೋಡೆಯೂ ಪಠ್ಯವೇ: ಕರಾವಳಿಯ ಭಿತ್ತಿಚಿತ್ರಗಳ ಓದು

ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಚಿತ್ರಗಳನ್ನು 'ರೆನೈಸಾನ್ಸ್ ಕಲೆ' ಎಂದು ಕರೆದು, ರೋಮಿನ ಸಿಸ್ಟೀನ್ ಚಾಪೆಲ್‌ಗೆ ಹೋಲಿಸುವುದು ರೂಢಿಯಾಗಿದೆ. ಆದರೆ ಇವು ಆ ಯುಗದವಲ್ಲ. ಇಟಲಿಯ ಬೆರ್ಗಾಮೊ ಸಮೀಪದಲ್ಲಿ 1854ರಲ್ಲಿ ಹುಟ್ಟಿದ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರ ಸುಮಾರಿಗೆ ಆರಂಭಿಸಿ, ಕೆಲವನ್ನು ಹಸಿ ಗಾರೆಯ ಮೇಲೆ, ಕೆಲವನ್ನು ಬಟ್ಟೆಯ ಮೇಲೆ ತೈಲವರ್ಣದಲ್ಲಿ ರಚಿಸಿದರು. ಮಾದರಿ ರೆನೈಸಾನ್ಸ್‌ನದಾದರೂ ಸಂದರ್ಭ ವಸಾಹತು ಕಾಲದ ಕರಾವಳಿಯದು.

ಹೋಲಿಕೆಯ ಹೊಗಳಿಕೆ ಈ ಸಂದರ್ಭವನ್ನು ಮರೆಮಾಡುತ್ತದೆ. ಅಲೋಶಿಯಸ್ ಗೊಂಝಾಗ (1568–1591) ರೋಮಿನಲ್ಲಿ ಪ್ಲೇಗುಪೀಡಿತರ ಸೇವೆ ಮಾಡುತ್ತ ಸೋಂಕು ತಗಲಿ ತೀರಿಕೊಂಡವನು. ಅವನ ಜೀವನ ಮಂಗಳೂರಿನಲ್ಲಿ ಚಿತ್ರವಾಗುತ್ತಿದ್ದಾಗ, 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕನ್ನಡ ನಾಡಿನೊಳಗೆ ಹಬ್ಬುತ್ತಿತ್ತು. ಅಂದಿನ ನೋಡುಗನಿಗೆ ಆ ಕಥೆ ಕೇವಲ ಪರದೇಶದ ಪುರಾಣವಾಗಿರಲಾರದು. ಚಿತ್ರವನ್ನು ಪಠ್ಯವೆಂದು ಭಾವಿಸಿದಾಗ ಮಾತ್ರ ಇಂತಹ ಓದು ಸಾಧ್ಯ.

ಗಾರೆಯ ಮೇಲೆ ಚಿತ್ರ ಬರೆಯುವುದು ಕರಾವಳಿಗೆ ಅಪರಿಚಿತವೂ ಅಲ್ಲ. ಗೋವಾದಿಂದ ಉತ್ತರ ಕನ್ನಡದವರೆಗಿನ ದೇವಾಲಯಗಳಲ್ಲಿ ಕೆಮ್ಮಣ್ಣಿನ ಬಣ್ಣದ ಗಾರೆಯನ್ನು ಗೀರಿ, ಒಳಗಿನ ಬಿಳುಪನ್ನು ಹೊರತರುವ ಕಾವಿ ಕಲೆಯಿತ್ತು. ಇಟಲಿಯ ರೆನೈಸಾನ್ಸ್ ಕಟ್ಟಡಗಳಲ್ಲೂ ಗಾರೆ ಗೀರುವ ಇಂತಹುದೇ ತಂತ್ರವಿತ್ತು. ಕಾವಿ ಕಲೆಯನ್ನು ಕೃಷ್ಣಾನಂದ ಕಾಮತರು ದಾಖಲಿಸಿದರು. ಆದರೆ ಕನ್ನಡ ವಿಭಾಗಗಳಲ್ಲಿ ಅದು ಕಲೆಯ ವಿಷಯ, ಸಾಹಿತ್ಯದ್ದಲ್ಲ ಎಂಬ ವಿಂಗಡಣೆಯೇ ಮುಂದುವರಿದಿದೆ. ಶಿಲಾಶಾಸನವನ್ನು ತನ್ನದೆಂದು ಒಪ್ಪಿಕೊಂಡ ಸಂಶೋಧನೆ, ಪುರಾಣವನ್ನೇ ನಿರೂಪಿಸುವ ಗೋಡೆಯನ್ನು ಹೊರಗಿಡುವುದು ತರ್ಕಬದ್ಧವಲ್ಲ.

ಈ ಉಪೇಕ್ಷೆಗೆ ಬೆಲೆಯಿದೆ. ಮಂಗಳೂರಿನ ಚಿತ್ರಗಳಿಗೆ 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣೆ ದೊರೆಯಿತು. ಕಾವಿ ಗೋಡೆಗಳಾದರೋ ಜೀರ್ಣೋದ್ಧಾರದ ಹೆಸರಿನಲ್ಲಿ ಸಿಮೆಂಟಿನಡಿ ಅಳಿಯುತ್ತಿವೆ. ಪ್ರಸಿದ್ಧವಾದುದು ಉಳಿಯುತ್ತದೆ, ಹೆಸರಿಲ್ಲದ್ದು ಅಳಿಯುತ್ತದೆ.

ಆದುದರಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಂತಹ ಸೀಮಿತ ಪ್ರದೇಶದಿಂದ ಕ್ಷೇತ್ರಕಾರ್ಯ ಆರಂಭವಾಗಬೇಕು. 1570ರಷ್ಟು ಹಿಂದಿನ ಇತಿಹಾಸವುಳ್ಳ ಕುಂದಾಪುರದ ರೊಸಾರಿಯೊ ಮಾತೆಯ ಇಗರ್ಜಿ, ಬಾರಕೂರಿನ ಬಸದಿ, ಊರೂರಿನ ದೇವಾಲಯಗಳನ್ನು ಮತಭೇದವಿಲ್ಲದೆ ಒಂದೇ ಪಟ್ಟಿಯಲ್ಲಿ ಸೇರಿಸಿ, ಗೋಡೆಗಳಲ್ಲಿ ಉಳಿದಿರುವುದನ್ನೂ ಗಾರೆ ಕೆಲಸದವರ ಪರಿಭಾಷೆಯನ್ನೂ ದಾಖಲಿಸಬೇಕು. ಪೋರ್ಚುಗೀಸ್ ಮೂಲದ 'ಇಗರ್ಜಿ'ಯನ್ನು ತನ್ನದಾಗಿಸಿಕೊಂಡ ಭಾಷೆಗೆ ಅದರ ಗೋಡೆಯನ್ನು ಓದುವುದೂ ಅಸಾಧ್ಯವಾಗಬಾರದು.