ಪಕ್ಕದ ಬೋಟಿನವ ಮಾತಾಡಿದರೆ ಕಿವುಡಾಗುವ ಪೆಟ್ಟಿಗೆ

“ಎಂತ ಮಾರಾಯ್ರೆ, ಪಕ್ಕದ ಬೋಟಿನವ ವೈರ್‌ಲೆಸ್‌ನಲ್ಲಿ ಮಾತಾಡಿದ್ರೆ ನಿಮ್ಮ ಪೆಟ್ಟಿಗೆಗೆ ಕಿವಿಯೇ ಕೇಳುವುದಿಲ್ವಾ?”

ಮಲ್ಪೆ ಬಂದರಿನಲ್ಲಿ ಮೀನುಗಾರರೊಬ್ಬರು ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಪೆಟ್ಟಿಗೆ ನಮ್ಮ ಟೀಮಿನದು. ಅದರೊಳಗಿನ ಮಿಕ್ಸರ್ ಆಯ್ಕೆ ಮಾಡಿದ್ದು ನಾನೇ.

ಅದು ಎಐಎಸ್ ರಿಸೀವರ್. ದೊಡ್ಡ ಹಡಗುಗಳು ತಮ್ಮ ಹೆಸರು, ಇರುವ ಜಾಗ, ವೇಗ, ದಿಕ್ಕನ್ನು 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ ಸಾರುತ್ತಾ ಹೋಗುತ್ತವೆ. ಅದನ್ನು ಹಿಡಿದು ಸ್ಕ್ರೀನ್ ಮೇಲೆ ತೋರಿಸೋದು ಈ ಪೆಟ್ಟಿಗೆಯ ಕೆಲಸ. ಟ್ರಯಲ್‌ಗೆ ಅಂತ ಬೋಟಿಗೆ ಹಾಕಿದ್ವಿ. ಅಕ್ಕಪಕ್ಕದವರು ವೈರ್‌ಲೆಸ್‌ನಲ್ಲಿ ಮಾತಾಡುತ್ತಿದ್ದಷ್ಟು ಹೊತ್ತು ಹಡಗಿನ ಗುರುತು ಇದ್ದಲ್ಲೇ ನಿಂತುಬಿಡುತ್ತಿತ್ತು. ಹಡಗು ಮಾತ್ರ ನಿಲ್ಲಲ್ಲ ನೋಡಿ. 15 ನಾಟ್ ವೇಗದಲ್ಲಿ ಬರೋ ಹಡಗು ಒಂದು ನಿಮಿಷಕ್ಕೆ 460 ಮೀಟರ್ ದಾಟುತ್ತೆ. ರಾತ್ರಿ ಬಲೆ ಬಿಟ್ಟು ನಿಂತ ಬೋಟಿಗೆ ಹಳೇ ಜಾಗ ತೋರಿಸೋದಕ್ಕಿಂತ ಏನೂ ತೋರಿಸದೇ ಇರೋದೇ ವಾಸಿ.

ಹಾಗಾದ್ರೆ ಈ ಮಿಕ್ಸರ್ ಏನು? ಮನೇಲಿ “ಮಿಕ್ಸರ್ ಹುಡುಕ್ತಾ ಇದ್ದೀನಿ” ಅಂದಾಗ ಅಮ್ಮ, “ಎಷ್ಟು ಜಾರ್ ಬರುತ್ತೆ?” ಅಂತ ಕೇಳಿದ್ರು. ಇದು ಚಟ್ನಿ ಮಿಕ್ಸಿ ಅಲ್ಲ, ಆರ್ಕೆಸ್ಟ್ರಾದವರ ಸೌಂಡ್ ಮಿಕ್ಸರ್ ಕೂಡ ಅಲ್ಲ. ಸೌಂಡ್ ಮಿಕ್ಸರ್ ಸಿಗ್ನಲ್‌ಗಳನ್ನು ಕೂಡಿಸುತ್ತೆ, ರೇಡಿಯೊ ಮಿಕ್ಸರ್ ಗುಣಿಸುತ್ತೆ. ಎರಡು ಆವರ್ತನಗಳನ್ನು ಗುಣಿಸಿದರೆ ಅವುಗಳ ಮೊತ್ತ ಮತ್ತು ವ್ಯತ್ಯಾಸ ಹೊಸದಾಗಿ ಹುಟ್ಟುತ್ತವೆ. ಈ ವ್ಯತ್ಯಾಸವೇ ನಮಗೆ ಬೇಕಾದ್ದು.

ಅಜ್ಜನ ಕಾಲದ ರೇಡಿಯೊ ನೆನಪಿಸಿಕೊಳ್ಳಿ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್‌ನಲ್ಲಿ ಬರುತ್ತೆ. ಮುಳ್ಳು ಅಲ್ಲಿಗೆ ತಿರುಗಿಸಿದಾಗ ರೇಡಿಯೊ ಒಳಗೇ 1067 ಕಿಲೋಹರ್ಟ್ಸ್ ಹುಟ್ಟುತ್ತೆ. ಇದನ್ನು ಲೋಕಲ್ ಆಸಿಲೇಟರ್ ಅಂತಾರೆ. 1067ರಲ್ಲಿ 612 ಕಳೆದರೆ 455. ಧಾರವಾಡದ 765ಕ್ಕೆ ತಿರುಗಿಸಿದರೆ ಒಳಗಿನದು 1220 ಆಗುತ್ತೆ, ವ್ಯತ್ಯಾಸ ಮತ್ತೆ 455! ಯಾವ ಸ್ಟೇಷನ್ ಬಂದರೂ 455ಕ್ಕೆ ಇಳಿಸಿಕೊಂಡರೆ, ಒಂದೇ ಒಳ್ಳೆ ಫಿಲ್ಟರ್‌ನಲ್ಲಿ ಎಲ್ಲದರ ಕೆಲಸ ಮುಗೀತು. 1918ರಲ್ಲಿ, ಮೊದಲ ಮಹಾಯುದ್ಧದ ಹೊತ್ತಲ್ಲಿ, ಪ್ಯಾರಿಸ್‌ನಲ್ಲಿದ್ದ ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟರೊಡೈನ್ ವಿಧಾನ ಇದು.

ಇದರಲ್ಲೊಂದು ಎಡವಟ್ಟಿದೆ. 1522 ಕಿಲೋಹರ್ಟ್ಸ್‌ನಲ್ಲಿ ಇನ್ಯಾರೋ ಇದ್ದರೆ? 1522ರಲ್ಲಿ 1067 ಕಳೆದರೂ 455! ಮಿಕ್ಸರ್‌ಗೆ ಇಬ್ಬರೂ ಒಂದೇ. ಈ ಕರೆಯದೇ ಬರೋ ಅತಿಥಿಗೆ ಇಮೇಜ್ ಅಂತ ಹೆಸರು. ಇವನನ್ನು ಮಿಕ್ಸರ್‌ಗಿಂತ ಮೊದಲೇ, ಬಾಗಿಲಲ್ಲೇ ಫಿಲ್ಟರ್ ಹಾಕಿ ತಡೀಬೇಕು. ನಮ್ಮ ಪೆಟ್ಟಿಗೆಯಲ್ಲಿ ವ್ಯತ್ಯಾಸ 10.7 ಮೆಗಾಹರ್ಟ್ಸ್, ಆಸಿಲೇಟರ್ 151.3ರ ಆಸುಪಾಸು, ಇಮೇಜ್ 140.6ರ ಹತ್ತಿರ. 162ಕ್ಕೂ ಅದಕ್ಕೂ 21 ಮೆಗಾಹರ್ಟ್ಸ್ ದೂರ ಇರೋದರಿಂದ ಫಿಲ್ಟರ್ ಸುಲಭವಾಗಿ ತಡೆದಿತ್ತು. ಅಲ್ಲಿ ನಾನು ಎಡವಿರಲಿಲ್ಲ.

ಎಡವಿದ್ದು ಮಿಕ್ಸರ್ ಆರಿಸುವಾಗ. ನನ್ನ ಮುಂದೆ ಇದ್ದದ್ದು ಎರಡು ಬಗೆ. ಒಂದು ಗಿಲ್ಬರ್ಟ್ ಸೆಲ್ ಮಾದರಿಯ ಪುಟ್ಟ ಚಿಪ್. ಎರಡು ಮೂರು ಮಿಲಿಆಂಪ್ ಕರೆಂಟ್ ಸಾಕು, ಮೇಲಿಂದ ಸಿಗ್ನಲ್ಲನ್ನೂ ದೊಡ್ಡದು ಮಾಡಿ ಕೊಡುತ್ತೆ. ಇನ್ನೊಂದು ನಾಲ್ಕು ಡಯೋಡ್‌ಗಳ ಉಂಗುರ, ಎರಡು ಪುಟಾಣಿ ಟ್ರಾನ್ಸ್‌ಫಾರ್ಮರ್. ಇದು ಸುಮಾರು 6 ಡಿಬಿ ತಿಂದುಹಾಕುತ್ತೆ, ಅಂದ್ರೆ ಸಿಗ್ನಲ್‌ನ ಮುಕ್ಕಾಲು ಪಾಲು ಶಕ್ತಿ ಹೋಯ್ತು. ಜೊತೆಗೆ ಇದನ್ನು ನಡೆಸೋಕೆ ಆಸಿಲೇಟರ್‌ನಿಂದ 7 ಡಿಬಿಎಂ, ಅಂದ್ರೆ 5 ಮಿಲಿವ್ಯಾಟ್ ಬೇಕು.

ಲಾಭ ಕೊಡೋದನ್ನು ಬಿಟ್ಟು ನಷ್ಟದ್ದನ್ನು ಯಾರು ತಗೋತಾರೆ? ಚಿಪ್ಪನ್ನೇ ಹಾಕಿದೆ. ಲ್ಯಾಬ್‌ನಲ್ಲಿ ಸಣ್ಣಗಿನ ಸಿಗ್ನಲ್ಲೂ ಗರಿಗರಿಯಾಗಿ ಬಂತು. ಆದರೆ ಲ್ಯಾಬ್‌ನಲ್ಲಿ ಇದ್ದದ್ದೇ ಆ ಒಂದು ಸಿಗ್ನಲ್.

ಮಲ್ಪೆಯಲ್ಲಿ ಬೋಟುಗಳು ಒತ್ತಿಕೊಂಡು ನಿಂತಿರುತ್ತವೆ. 50 ಮೀಟರ್ ಆಚೆ ಒಬ್ಬರು 25 ವ್ಯಾಟ್ ಸೆಟ್‌ನಲ್ಲಿ 16ನೇ ಚಾನೆಲ್‌ಗೆ, ಅಂದ್ರೆ 156.8 ಮೆಗಾಹರ್ಟ್ಸ್‌ಗೆ ಬಂದ್ರು ಅನ್ಕೊಳ್ಳಿ. ಕಾಗದದ ಲೆಕ್ಕದಲ್ಲಿ ನಮ್ಮ ಆಂಟೆನಾಗೆ ಸುಮಾರು ಮೈನಸ್ 6 ಡಿಬಿಎಂ ಬಡಿಯುತ್ತೆ. 162ಕ್ಕೆ ಕೇವಲ 5 ಮೆಗಾಹರ್ಟ್ಸ್ ದೂರ ಇರೋದ್ರಿಂದ ಬಾಗಿಲ ಫಿಲ್ಟರ್ ಹೆಚ್ಚೇನೂ ತಡೆಯಲ್ಲ. ಇಂಥ ಚಿಪ್ ಮೈನಸ್ 25 ಡಿಬಿಎಂ ಹೊತ್ತಿಗೇ ಕುಸಿಯೋಕೆ ಶುರು. ಅಂದ್ರೆ ತಾಳಿಕೊಳ್ಳೋದಕ್ಕಿಂತ ಸುಮಾರು 80 ಪಟ್ಟು ಹೊರೆ. ಛತ್ರದಲ್ಲಿ ಓಲಗದವರ ಪಕ್ಕ ಕೂತು ಗೆಳೆಯನ ಪಿಸುಮಾತು ಕೇಳಿಸಿಕೊಂಡ ಹಾಗೆ! ಓಲಗ ನಿಮಗೆ ಬೇಕಾಗಿಲ್ಲ, ಆದ್ರೂ ಕಿವಿ ತುಂಬಿಹೋಗಿದೆ. ಚಿಪ್ ಸಿಗ್ನಲ್ ದೊಡ್ಡದು ಮಾಡುತ್ತೆ ಅಂತ ಖುಷಿಪಟ್ಟಿದ್ದೆನಲ್ಲ, ಅದು ಓಲಗವನ್ನೂ ದೊಡ್ಡದು ಮಾಡುತ್ತಿತ್ತು.

ಡಯೋಡ್ ಉಂಗುರ ಸುಮಾರು 1 ಡಿಬಿಎಂವರೆಗೆ ಅಲ್ಲಾಡದೆ ನಿಲ್ಲುತ್ತೆ. ಕೊನೆಗೆ ಅದನ್ನೇ ಹಾಕಿದ್ವಿ. ಬೋರ್ಡ್ ಹೊಸದಾಗಿ ಬರೀಬೇಕಾಯ್ತು, ಆಸಿಲೇಟರ್‌ಗೊಂದು ಆಂಪ್ಲಿಫೈಯರ್ ಸೇರಿಸಬೇಕಾಯ್ತು, ಬ್ಯಾಟರಿಗೆ ಭಾರ ಹೆಚ್ಚಾಯ್ತು. ಸಿಗ್ನಲ್ ದೊಡ್ಡದು ಮಾಡೋ ಕೆಲಸವನ್ನು ಮಿಕ್ಸರ್ ದಾಟಿ, ಕಿರಿದಾದ ಫಿಲ್ಟರ್ ಕಳೆದ ಮೇಲೆ ಇಟ್ವಿ. ಅಷ್ಟು ಹೊತ್ತಿಗೆ ಓಲಗದವರು ಹೊರಗೆ ಹೋಗಿರ್ತಾರೆ. ಪ್ರಾಜೆಕ್ಟ್ ತಡವಾಯ್ತು, ಮೀಟಿಂಗಲ್ಲಿ ತಪ್ಪು ನನ್ನದೇ ಅಂತ ಒಪ್ಪಿಕೊಂಡೆ.

ಹಾಗಂತ ಚಿಪ್ ಕೆಟ್ಟದ್ದಲ್ಲ. ಊರಾಚೆ ತೋಟದಲ್ಲಿ, ಸುತ್ತ ಯಾವ ಟ್ರಾನ್ಸ್‌ಮಿಟರ್ ಇಲ್ಲದ ಕಡೆ, ಸಣ್ಣ ಬ್ಯಾಟರಿ ಮೇಲೆ ತಿಂಗಳುಗಟ್ಟಲೆ ನಡೀಬೇಕಾದ ರಿಸೀವರ್‌ಗೆ ಅದೇ ಸರಿ. ಈಗ ಟೀಮಿಗೆ ಹೊಸಬರು ಬಂದ್ರೆ ಡೇಟಾಶೀಟ್ ತೆರೆಯೋ ಮೊದಲು ಇಷ್ಟು ಬರೆದುಕೊಳ್ಳಿ ಅಂತೀನಿ:

• ಸುತ್ತಮುತ್ತ ಅತಿ ಜೋರಾಗಿ ಕೂಗೋರು ಯಾರು, ಎಷ್ಟು ಹತ್ತಿರ? ಮಿಕ್ಸರ್‌ನ ಕಂಪ್ರೆಷನ್ ಪಾಯಿಂಟ್ ಮತ್ತು ಐಪಿ3 ನೋಡೋದು ಇದಕ್ಕೇ.
• ಇಮೇಜ್ ಎಲ್ಲಿ ಬೀಳುತ್ತೆ, ಅಲ್ಲಿ ಯಾರಿದ್ದಾರೆ?
• ಆಸಿಲೇಟರ್‌ಗೆ ಎಷ್ಟು ಶಕ್ತಿ ಕೊಡಬಲ್ಲಿರಿ? ಅದು ಆಂಟೆನಾ ಕಡೆ ಎಷ್ಟು ಸೋರುತ್ತೆ?
• ಗೇನ್ ಅಥವಾ ನಷ್ಟದ ಲೆಕ್ಕ ಕೊನೆಗೆ. ಅದನ್ನು ಬೇರೆ ಕಡೆ ಸರಿಮಾಡಬಹುದು, ಕುಸಿದ ಮಿಕ್ಸರನ್ನು ಮುಂದೆ ಯಾವುದೂ ಸರಿಮಾಡಲ್ಲ.

ಇದನ್ನೆಲ್ಲ ಅಮ್ಮನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಮನೇಲಿ ಏನು ರುಬ್ಬಬೇಕು ಅಂತ ನೋಡ್ಕೊಂಡು ತಾನೇ ಅಂಗಡಿಗೆ ಹೋಗೋದು?” ಅಂದ್ರು.

ಎರಡನೇ ಪೆಟ್ಟಿಗೆ ತಗೊಂಡು ಮಲ್ಪೆಗೆ ಹೋದಾಗ ಅದೇ ಮೀನುಗಾರರು ಪಕ್ಕದ ಬೋಟಿನವರನ್ನು ವೈರ್‌ಲೆಸ್‌ನಲ್ಲಿ ಕರೆದು, “ಸ್ವಲ್ಪ ಮಾತಾಡ್ತಾ ಇರು ಮಾರಾಯ” ಅಂದ್ರು. ಅವರು ಮಾತಾಡಿದ್ರು. ನಾನು ಉಸಿರು ಹಿಡಿದು ಸ್ಕ್ರೀನ್ ನೋಡ್ತಾ ನಿಂತೆ. ದೂರದ ಹಡಗಿನ ಗುರುತು ಮೆಲ್ಲಗೆ ಮುಂದಕ್ಕೆ ಸರಿಯಿತು.