ಹೆಸರು ಒಂದೇ, ಗುರುತು ಬೇರೆ

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಮನೆತನಗಳಲ್ಲಿ ನಡೆದುಬಂದ ರೂಢಿ. ಹಿರಿಯರ ಹೆಸರು ಮನೆಯಲ್ಲಿ ಉಳಿಯಲೆಂಬ ಆಸೆ ಅದರ ಹಿಂದಿದೆ.

ನಮ್ಮ ಬಂಧುಗಳ ಮನೆಯೊಂದರಲ್ಲಿ ಅಜ್ಜನೂ ಬಸಪ್ಪ, ಮೊಮ್ಮಗನೂ ಬಸಪ್ಪ. ಅಜ್ಜ ಲಿಂಗೈಕ್ಯರಾದ ಮೇಲೆ ಹೊಲದ ಪಹಣಿಯನ್ನು ತೆಗೆಸಿ ನೋಡಿದರೆ ಅಲ್ಲಿ ಬಸಪ್ಪನೆಂಬ ಹೆಸರೂ ಮನೆತನದ ಅಡ್ಡಹೆಸರೂ ಇದ್ದವು, ತಂದೆಯ ಹೆಸರಿರಲಿಲ್ಲ. "ಹೊಲ ನಿನ್ನ ಹೆಸರಿನಲ್ಲಿಯೇ ಇದೆಯಲ್ಲ, ಇನ್ನೇಕೆ ಓಡಾಟ?" ಎಂದರು ಆಪ್ತರು. ತಂದೆಯನ್ನು ಮೊದಲೇ ಕಳೆದುಕೊಂಡಿದ್ದ ಆ ತರುಣನಿಗೆ ಇಬ್ಬರು ಸೋದರತ್ತೆಯರು. ಅವನು ಸುಮ್ಮನಿದ್ದರೆ ಅವರ ಪಾಲು ಒಂದು ಹೆಸರಿನ ಮರೆಯಲ್ಲಿ ಅಡಗಿಹೋಗುತ್ತಿತ್ತು.

ಇದನ್ನು ಕೇಳಿದಾಗ ನನಗೆ ಹನ್ನೆರಡನೆಯ ಶತಮಾನದ ಇಬ್ಬರು ಮಾರಯ್ಯರು ನೆನಪಾದರು. ಒಬ್ಬರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವರು. ಇನ್ನೊಬ್ಬರು ಸೌದೆಯ ಹೊರೆ ಹೊತ್ತು ಮಾರಿದವರು. ಹಿಂದೆ ಅವರು ಕಾಶ್ಮೀರದ ಅರಸರಾಗಿದ್ದರೆಂದು ಪರಂಪರೆ ಹೇಳುತ್ತದೆ. ಜನರು ಇಬ್ಬರನ್ನೂ ಅವರವರ ಕಾಯಕದಿಂದಲೇ ಗುರುತಿಸಿದರು: ಆಯ್ದಕ್ಕಿ ಮಾರಯ್ಯ, ಮೋಳಿಗೆಯ ಮಾರಯ್ಯ. ಮೋಳಿಗೆ ಎಂದರೆ ಸೌದೆಯ ಹೊರೆ. ಬಿಟ್ಟುಬಂದ ಸಿಂಹಾಸನಕ್ಕಿಂತ ಹೊತ್ತ ಹೊರೆಯೇ ಅವರಿಗೆ ದೊಡ್ಡ ಗುರುತಾಯಿತು.

ಕಾಳವ್ವೆ ಎಂಬ ಹೆಸರಿನ ವಚನಕಾರ್ತಿಯರೂ ಒಬ್ಬರಿಗಿಂತ ಹೆಚ್ಚು. ಉರಿಲಿಂಗಪೆದ್ದಿಯವರ ಪತ್ನಿ ಒಬ್ಬರು, ಬಾಚಿಕಾಯಕದ ಬಸವಯ್ಯನವರ ಪತ್ನಿ ಇನ್ನೊಬ್ಬರು, ಸಿದ್ಧಬುದ್ಧಯ್ಯನವರ ಪತ್ನಿ ಮತ್ತೊಬ್ಬರು. ಅವರು ಸ್ವತಃ ವಚನ ರಚಿಸಿದವರಾದರೂ ನಾವು ಇಂದಿಗೂ ಅವರನ್ನು ಪತಿಯ ಹೆಸರು ಹಿಡಿದೇ ಬೇರ್ಪಡಿಸುತ್ತೇವೆ. ಕದಿರ ಕಾಯಕದ ರೆಮ್ಮವ್ವೆಗಾದರೋ ತಾನು ನೂಲುವ ಕದಿರೇ ಗುರುತು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಯಾವ ಗುರುತನ್ನು ಉಳಿಸಿಕೊಡುತ್ತಿದ್ದೇವೆ ಎಂಬುದನ್ನು ನಾವು ಕೇಳಿಕೊಳ್ಳಬೇಕು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರಂತೆ. ಪತ್ನಿ ಲಕ್ಕಮ್ಮ ಅದನ್ನು ಮನೆಯಲ್ಲಿರಿಸಿಕೊಳ್ಳಲು ಒಪ್ಪಲಿಲ್ಲ, ತಂದಲ್ಲಿಯೇ ಸುರಿದುಬನ್ನಿರೆಂದಳು. ತನ್ನದಲ್ಲದ್ದು ಕೈಗೆ ಬಂದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದರಲ್ಲಿಯೇ ಅವನ ನಿಜವಾದ ಹೆಸರಿದೆ.

ಆ ತರುಣನೂ ಹಾಗೆಯೇ ಮಾಡಿದನು. ಅಜ್ಜನ ಮರಣ ಪ್ರಮಾಣಪತ್ರವನ್ನೂ ವಂಶವೃಕ್ಷವನ್ನೂ ಹಿಡಿದು ತಾನೇ ಕಚೇರಿಗೆ ಹೋದನು. ಪಹಣಿಯಲ್ಲಿರುವ ಬಸಪ್ಪ ತಾನಲ್ಲ, ತನ್ನ ಅಜ್ಜ ಎಂದು ಬರೆದುಕೊಟ್ಟನು. ಅತ್ತೆಯರಿಬ್ಬರ ಹೆಸರುಗಳನ್ನೂ ಸೇರಿಸಿ ಪೌತಿ ಖಾತೆ ಮಾಡಿಸಿದನು.

ಮಕ್ಕಳಿಗೆ ಹಿರಿಯರ ಹೆಸರನ್ನು ಅವಶ್ಯ ಇಡಿರಿ. ಆದರೆ ಹೊಲಮನೆಯ ಕಾಗದಪತ್ರಗಳಲ್ಲಿ ಪ್ರತಿಯೊಬ್ಬರ ತಂದೆಯ ಹೆಸರನ್ನೂ ತಪ್ಪದೆ ಬರೆಯಿಸಿರಿ. ಎಲ್ಲ ಮನೆಗಳಲ್ಲಿಯೂ ಇಂತಹ ಮೊಮ್ಮಗನೇ ಇರುತ್ತಾನೆಂದು ಹೇಳಲಾಗದು.

ಖಾತೆಯಾದ ದಿನ ಹಿರಿಯ ಅತ್ತೆ ಅವನ ತಲೆ ಸವರಿ ಆಡಿದ್ದು ಒಂದೇ ಮಾತು: "ನಮ್ಮಪ್ಪನ ಹೆಸರು ಉಳಿಸಿದೆಯಪ್ಪಾ."