ಅಕ್ಕಿಕಾಳು, ಬಾಟಲಿ ಮತ್ತು ನನ್ನ ದವಡೆ ಹಲ್ಲು

ತಪ್ಪು ನನ್ನದೇ, ಅದನ್ನ ಮೊದಲೇ ಹೇಳಿಬಿಡ್ತೀನಿ. ಹೋದ ವರ್ಷ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಶುರುವಾಯ್ತು. ಮೊದಲ ಸಿಟ್ಟಿಂಗಿಗೇ ನೋವು ಮಾಯ. ನೋವು ಹೋದ ಮೇಲೆ ಡೆಂಟಿಸ್ಟ್ ಹತ್ರ ಯಾರು ಹೋಗ್ತಾರೆ ಹೇಳಿ? ಆಫೀಸಲ್ಲಿ ರಿಲೀಸ್, ತಂಗಿ ಮದುವೆ, ಆಮೇಲೆ ಮಳೆ. ತಾತ್ಕಾಲಿಕ ಫಿಲ್ಲಿಂಗ್‌ನಲ್ಲೇ ಐದು ತಿಂಗಳು ತಳ್ಳಿದೆ. ಅದು ಕೆಲವೇ ವಾರಗಳಿಗೆ ಅಂತ ಹಾಕೋದು. ಸವೆದು ಸಂದು ಬಿಟ್ಟರೆ ಎಂಜಲಿನ ಜೊತೆ ಬ್ಯಾಕ್ಟೀರಿಯಾ ಒಳಗೆ ವಾಪಸ್.

ಒಂದು ರಾತ್ರಿ ಕೆನ್ನೆ ಊದಿಕೊಂಡಿತು. ದಾವಣಗೆರೆಯಿಂದ ಅಮ್ಮ ಫೋನಲ್ಲಿ, "ಲವಂಗ ಇಟ್ಕೋ" ಅಂದಳು. ಹಿಂದಿನಿಂದ ಅಪ್ಪ, "ಕೀಳಿಸಿ ಬಿಸಾಕು ಅನ್ನು ಅವನಿಗೆ. ನಾನು ನಾಲ್ಕು ಕೀಳ್ಸಿಲ್ವಾ?"

ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳು. ಡಾಕ್ಟರ್ ಮೇಡಂ ನೇರವಾಗಿ ಹೇಳಿದರು: "ಉಳಿಸೋಕೆ ನೋಡೋಣ, ಗ್ಯಾರಂಟಿ ಇಲ್ಲ. ಈ ಸಲನೂ ಮಧ್ಯದಲ್ಲಿ ಬಿಟ್ಟು ಹೋಗೋ ಹಾಗಿದ್ರೆ ಈಗ್ಲೇ ಹೇಳಿ, ಕಿತ್ತುಬಿಡ್ತೀನಿ." ನಾನು ತಲೆ ತಗ್ಗಿಸಿ ಕುರ್ಚಿ ಹತ್ತಿದೆ.

ಮೊದಲು ಕೀವು ಹರಿಯೋಕೆ ದಾರಿ ಮಾಡಿದರು. ಊತ ಇಳಿದ ಮೇಲೆ ಅಸಲಿ ಕೆಲಸ. ಸೂಜಿಯಂಥ ಫೈಲ್ ಹಾಕಿ ಕೆರೆದರೆ ಮುಗೀತು ಅಂದ್ಕೊಂಡಿದ್ದೆ. ಹಾಗಲ್ಲವಂತೆ. ಹಲ್ಲಿನೊಳಗಿನ ನಾಳ ನೆಟ್ಟಗಿನ ದುಂಡು ಪೈಪ್ ಅಲ್ಲ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಎರಡು ನಾಳಗಳ ನಡುವೆ ಕೂದಲೆಳೆಯಂಥ ಸಂದು, ತುದಿಯಲ್ಲಿ ಕವಲು. ಮೈಕ್ರೋ ಸಿಟಿಯಲ್ಲಿ ನೋಡಿದಾಗ ನಾಳದ ಗೋಡೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಜಾಗಕ್ಕೆ ಫೈಲ್ ತಾಗಿಯೇ ಇರಲಿಲ್ಲ ಅಂತ ಅಧ್ಯಯನಗಳಿವೆ. ಬ್ಯಾಕ್ಟೀರಿಯಾ ಲೋಳೆಯಂತೆ ಅಂಟಿಕೊಂಡು ಕೂರೋದು ಅಲ್ಲೇ.

ಅಲ್ಲಿಗೆ ಹೋಗಬಲ್ಲದ್ದು ದ್ರವ ಮಾತ್ರ. ಸೋಡಿಯಂ ಹೈಪೋಕ್ಲೋರೈಟ್, ಅಂದರೆ ನಮ್ಮ ಮನೆಯ ಬ್ಲೀಚ್‌ನಲ್ಲಿರೋದೇ. ಸತ್ತ ಅಂಗಾಂಶವನ್ನ ಕರಗಿಸುತ್ತೆ, ಬ್ಯಾಕ್ಟೀರಿಯಾ ಕೊಲ್ಲುತ್ತೆ. ಆದರೆ ಸಿರಿಂಜಲ್ಲಿ ಬಿಟ್ಟರೆ ಸೂಜಿ ತುದಿಯಿಂದ ಸ್ವಲ್ಪ ದೂರ ಹೋಗಿ ನಿಲ್ಲುತ್ತೆ, ಕೆಳಗೆ ಗಾಳಿಗುಳ್ಳೆ ಅಡ್ಡ. ಜೋರಾಗಿ ಒತ್ತೋ ಹಾಗೂ ಇಲ್ಲ, ಬೇರಿನ ಆಚೆ ಚಿಮ್ಮಿದರೆ ಅಲ್ಲಿ ಸುಟ್ಟಂತಾಗಿ ವಿಪರೀತ ನೋವು, ಊತ.

ಅದಕ್ಕೇ ಅಲ್ಟ್ರಾಸೋನಿಕ್. ನಾಳದ ತುಂಬ ದ್ರವ ಬಿಟ್ಟು, ಗೋಡೆಗೆ ತಾಗದ ಹಾಗೆ ತೆಳು ತಂತಿ ಇಳಿಸ್ತಾರೆ. ಸೆಕೆಂಡಿಗೆ ಸುಮಾರು 30,000 ಸಲ ಕಂಪಿಸೋ ಅದರ ಸುತ್ತ ದ್ರವ ಸುಳಿ ಏಳುತ್ತೆ, ಸಂದುಗಳಿಗೆ ನುಗ್ಗುತ್ತೆ. 20 ಸೆಕೆಂಡ್ ಆಡಿಸಿ, ಹೊಸ ದ್ರವ ಬಿಟ್ಟು, ಮತ್ತೆ ಆಡಿಸಿದರು. ಹೀಗೆ ಮೂರು ಸಲ, ಪ್ರತಿ ನಾಳಕ್ಕೂ. ನನಗೆ ಕೇಳಿಸಿದ್ದು ಕಿವಿ ಹತ್ರ ಸೊಳ್ಳೆ ಬಂದಂಥ ಸದ್ದು, ಮೂಗಿಗೆ ಸ್ವಿಮ್ಮಿಂಗ್ ಪೂಲ್ ವಾಸನೆ. ಕಿರಿದಾದ ಬಾಯಿಯ ಎಣ್ಣೆ ಬಾಟಲಿಗೆ ಅಮ್ಮ ಬ್ರಷ್ ಹಾಕೋದಿಲ್ಲ. ಸೋಪುನೀರು, ಒಂದು ಹಿಡಿ ಅಕ್ಕಿಕಾಳು ಹಾಕಿ ಗಲಗಲ ಅಲುಗಿಸ್ತಾಳೆ. ಬಾಯಿ ತೆರೆದು ಮಲಗಿದ್ದ ನನಗೆ ಅದೇ ನೆನಪಾಗ್ತಿತ್ತು.

"ಹಾಗಾದ್ರೆ ಖಂಡಿತ ವಾಸಿಯಾಗುತ್ತಾ ಮೇಡಂ?"

"ಕಿತ್ತ ಹಲ್ಲುಗಳ ಮೇಲೆ ಲ್ಯಾಬಲ್ಲಿ ನೋಡಿದ್ರೆ ಕೊಳೆ ಚೆನ್ನಾಗಿ ಹೋಗುತ್ತೆ. ರೋಗಿಗಳಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಎಲ್ಲ ಅಧ್ಯಯನದಲ್ಲೂ ಕಂಡಿಲ್ಲ. ಇದಿಲ್ಲದೇನೂ ವಾಸಿಯಾದ ಹಲ್ಲು ಬೇಕಾದಷ್ಟಿವೆ. ಮಷೀನ್ ಬೋರ್ಡ್ ನೋಡಿ ಡಾಕ್ಟ್ರನ್ನ ಆರಿಸ್ಬೇಡಿ. ಎಂಜಲು ಒಳಗೆ ಹೋಗದ ಹಾಗೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಹಾಕ್ತಾರಾ ನೋಡಿ."

ಈ ಮಾತು ನನಗೆ ಮಷೀನ್‌ಗಿಂತ ಹಿಡಿಸಿತು.

ಒಳಗೆ ಔಷಧಿ ತುಂಬಿ ಎರಡು ವಾರ ಬಿಟ್ಟು ಬರೋಕೆ ಹೇಳಿದರು. ಹೋದೆ. ನಾಳ ಮುಚ್ಚಿದರು, ಕ್ಯಾಪ್ ಹಾಕಿಸಿದರು, ಎಲ್ಲದಕ್ಕೂ ಹೇಳಿದ ದಿನವೇ ಹೋದೆ. ಹೋದ ವಾರ ಆರು ತಿಂಗಳ ಎಕ್ಸ್‌ರೇ. ಕಪ್ಪು ಸಣ್ಣದಾಗಿದೆ, ಪೂರ್ತಿ ಹೋಗಿಲ್ಲ. ಇನ್ನಾರು ತಿಂಗಳಿಗೆ ಮತ್ತೆ ಬನ್ನಿ ಅಂದಿದ್ದಾರೆ, ಫೋನಲ್ಲಿ ರಿಮೈಂಡರ್ ಇಟ್ಟಿದ್ದೀನಿ.

ಅಪ್ಪನಿಗೆ ಹೇಳಿದೆ. "ಅಷ್ಟು ದುಡ್ಡಿಗೆ ಹೊಸ ಹಲ್ಲೇ ಬರ್ತಿತ್ತು" ಅಂದರು. ಆಮೇಲೆ ಸ್ವಲ್ಪ ತಡೆದು, "ನಂದೂ ಒಂದು ಜುಮ್ ಅಂತಿದೆ, ಅವರನ್ನೇ ಕೇಳು" ಅಂದರು.